ಗಾಂಧಿ ಬಜಾರಿನಲ್ಲಿ ಬಿದ್ದ ಕೀ ಗೊಂಚಲು: ವಿಳಾಸ ಕೊಡದೆ ವಾಪಸ್ ಪಡೆದ ಒಂದು ಪ್ರಕರಣ

ಕೀ ಕಳೆದುಹೋದ ಮಾತ್ರಕ್ಕೆ ಮನೆಗೆ ಅಪಾಯ ಬರುವುದಿಲ್ಲ. ಆ ಕೀ ಯಾವ ಮನೆಯದು ಅನ್ನುವುದೂ ಅದೇ ಕೈಗೆ ಸಿಕ್ಕಾಗ ಅಪಾಯ ಶುರುವಾಗುತ್ತದೆ. ನನ್ನ ಚಿಕ್ಕಮ್ಮನ ಕೀ ಗೊಂಚಲು ಕಳೆದು, ಯಾರಿಗೋ ಸಿಕ್ಕಿ, ವಾಪಸ್ ಬರುವ ತನಕ ನಾವು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದೊಂದೇ ಮಾತನ್ನು. ಬಹಳ ಕಡೆ ಅದು ಕೈ ಹಿಡಿಯಿತು. ಒಂದು ಕಡೆ ಮಾತ್ರ ವಿಷಯ ನಮ್ಮ ಕೈ ಮೀರಿ ಹೋಯಿತು. ಎರಡನ್ನೂ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಹಿರಿಯರು ಒಬ್ಬರೇ ಇರುವ ಮನೆಗಳು ಒಂದೆರಡಲ್ಲ, ಅಲ್ವಾ?

ಚಿಕ್ಕಮ್ಮ ಇರುವುದು ಜಯನಗರದಲ್ಲಿ. ಬ್ಲಾಕ್, ಕ್ರಾಸ್ ಇಲ್ಲಿಯೂ ಬರೆಯುವುದಿಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರು ಒಬ್ಬರೇ, ಮಗಳು ಹೊರದೇಶದಲ್ಲಿದ್ದಾಳೆ. ಹಳೇ ಕಾಲದ ಸ್ವಂತ ಮನೆ. ರಸ್ತೆಗೊಂದು ಗೇಟ್, ವರಾಂಡಕ್ಕೆ ಕಬ್ಬಿಣದ ಗ್ರಿಲ್, ಅದರ ಹಿಂದೆ ತೇಗದ ಮುಂಬಾಗಿಲು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ ಸಂಜೆ, ಹೂವು ತರಲು ಗಾಂಧಿ ಬಜಾರಿಗೆ ಹೋಗಿದ್ದರು. ಆ ಸಂಜೆ ಅಲ್ಲಿ ಹೇಗಿರುತ್ತದೆ ಅಂತ ಬಸವನಗುಡಿ ಕಡೆಯವರಿಗೆ ಹೇಳಬೇಕಾಗಿಲ್ಲ. ಫುಟ್‌ಪಾತ್ ತುಂಬ ಬಾಳೆಕಂದು, ಮಾವಿನ ಸೊಪ್ಪು, ತಾವರೆ ಮೊಗ್ಗು. ಕಾಲಿಡಲು ಜಾಗ ಇರುವುದಿಲ್ಲ. ಒಂದು ಕೈಯಲ್ಲಿ ಹೂವಿನ ಚೀಲ, ಇನ್ನೊಂದರಲ್ಲಿ ಬಾಳೆಕಂದು. ಕನಕಾಂಬರಕ್ಕೆ ದುಡ್ಡು ಕೊಡಲು ಪರ್ಸ್ ತೆಗೆದಾಗ ಅದರ ಜೊತೆ ಗೊಂಚಲೂ ಜಾರಿರಬೇಕು. ಅವರಿಗೆ ಗೊತ್ತಾಗಿದ್ದು ಆಟೋ ಇಳಿದು ಮನೆ ಮುಂದೆ ನಿಂತು ಚೀಲ ತಡಕಾಡಿದಾಗ.

ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ಒಂದು ಜೊತೆ ಡೂಪ್ಲಿಕೇಟ್ ಇತ್ತು. ಒಳಗೆ ಹೋದವರೇ ನನಗೆ ಫೋನ್ ಮಾಡಿದರು.

ಗೊಂಚಲಲ್ಲಿ ಏನೇನಿತ್ತು

ಒಂದು ಹಿತ್ತಾಳೆ ರಿಂಗ್, ಅದಕ್ಕೊಂದು ಗಣಪನ ಬಿಲ್ಲೆ, ನಾಲ್ಕು ಕೀ. ಗ್ರಿಲ್‌ಗೆ ಹಾಕುವ ನವ್‌ತಾಲ್ ಬೀಗದ್ದು, ಮುಂಬಾಗಿಲಿನ ಲಾಕಿನದು, ಬೀರುವಿನದು, ಮತ್ತು ಬ್ಯಾಂಕ್ ಲಾಕರಿನದು. ಚಿಕ್ಕಪ್ಪ ಇದ್ದಾಗ ಮನೆ ನಂಬರ್ ಬರೆದ ಪ್ಲಾಸ್ಟಿಕ್ ಬಿಲ್ಲೆಯೂ ಒಂದಿತ್ತಂತೆ. ಯಾವತ್ತೋ ಮುರಿದು ಬಿದ್ದುಹೋಗಿತ್ತು. ಅದು ಇದ್ದಿದ್ದರೆ ಈ ಪ್ರಕರಣ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಅದೇ ರಾತ್ರಿ ಎಲ್ಲ ಬೀಗ ಬದಲಾಯಿಸುವುದೊಂದೇ ದಾರಿ.

ಚಿಕ್ಕಮ್ಮ ಅತ್ತಿದ್ದು ಲಾಕರ್ ಕೀಗಾಗಿ. 'ಮಗಳ ಒಡವೆ ಎಲ್ಲ ಅದರಲ್ಲೇ ಇದೆ ಕಣೇ' ಅಂತ ಮತ್ತೆ ಮತ್ತೆ ಹೇಳಿದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ನಾಲ್ಕರಲ್ಲಿ ಬೇರೆಯವರಿಗೆ ಏನೇನೂ ಉಪಯೋಗವಿಲ್ಲದ ಕೀ ಅಂದರೆ ಅದೇ. ಲಾಕರ್ ತೆಗೆಯಲು ನಮ್ಮ ಕೀ ಜೊತೆ ಬ್ಯಾಂಕಿನವರ ಕೀಯೂ ಬೇಕು. ಒಳಗೆ ಬಿಡುವ ಮೊದಲು ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಳ್ಳುತ್ತಾರೆ. ಇನ್ನೊಂದು ವಿಷಯವಿದೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಲಾಕರ್ ಬಗ್ಗೆ ಹೊಸ ನಿಯಮಗಳನ್ನು ಕೊಟ್ಟಿತು, ಅವು 2022ರ ಜನವರಿ 1ರಿಂದ ಜಾರಿಗೆ ಬಂದವು. ಲಾಕರ್ ಕೀ ಮೇಲೆ ಬ್ಯಾಂಕಿನ ಅಥವಾ ಶಾಖೆಯ ಗುರುತಿನ ಕೋಡ್ ಅಚ್ಚು ಹಾಕಿರಬೇಕು ಅನ್ನುವುದು ಅದರಲ್ಲೊಂದು. ಅಂದರೆ ಪೊಲೀಸರ ಕೈಗೆ ಆ ಕೀ ಸಿಕ್ಕರೆ ಅವರು ಬ್ಯಾಂಕನ್ನು ಹುಡುಕಬಹುದು. ದಾರಿಯಲ್ಲಿ ಹೋಗುವವರಿಗೆ ಆ ಕೋಡ್‌ನಿಂದ ಚಿಕ್ಕಮ್ಮನ ಮನೆ ಗೊತ್ತಾಗುವುದಿಲ್ಲ. ಗುರುತು ಕೀ ಮೇಲಿದೆ, ವಿಳಾಸ ಬ್ಯಾಂಕಿನ ಕಡತದಲ್ಲಿದೆ. ಕೀ ವಾಪಸ್ ಬರುವ ಒಳ್ಳೆಯ ವ್ಯವಸ್ಥೆ ಹೇಗಿರಬೇಕು ಅನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ಮಾದರಿ.

ಹೆದರಬೇಕಾಗಿದ್ದು ಆ ಸಾದಾ ಗ್ರಿಲ್ ಕೀಗೆ, ಬಾಗಿಲಿನ ಕೀಗೆ.

ಮೊದಲ ರಾತ್ರಿ

ಎಲ್ಲಿ ಬಿದ್ದಿರಬಹುದು? ಎರಡೇ ಜಾಗ. ಒಂದು ಗಾಂಧಿ ಬಜಾರ್, ಇನ್ನೊಂದು ವಾಪಸ್ ಬಂದ ಆಟೋ. ಬಜಾರಿನಲ್ಲಿ ಬಿದ್ದಿದ್ದರೆ, ಸಿಕ್ಕವರಿಗೆ ಮನೆ ಗೊತ್ತಿಲ್ಲ. ಆಟೋದಲ್ಲಿ ಬಿದ್ದಿದ್ದರೆ ಲೆಕ್ಕವೇ ಬೇರೆ. ಆಟೋದವರು ಮನೆ ಮುಂದೆಯೇ ಇಳಿಸಿ ಹೋಗಿದ್ದಾರೆ. ಅವರ ಮನಸ್ಸಿನಲ್ಲಿ ಏನೂ ಇಲ್ಲದೆ ಇರಬಹುದು. ಆದರೆ ಅವರ ನಂತರ ಅದೇ ಸೀಟಿನಲ್ಲಿ ಕುಳಿತವರು ಯಾರೋ. ಹಾಗಾಗಿ ಆ ರಾತ್ರಿಯ ಮಟ್ಟಿಗೆ ಕೆಟ್ಟದ್ದನ್ನೇ ಊಹಿಸಿಕೊಂಡು ನಡೆದೆವು. ಒಳಗಿನಿಂದ ಅಗುಳಿ, ಚಿಲಕ ಎರಡೂ ಹಾಕಿಸಿದೆವು. ಪಕ್ಕದ ಮನೆಯ ಹುಡುಗಿ ಬಂದು ಚಿಕ್ಕಮ್ಮನ ಜೊತೆ ಮಲಗಿಕೊಂಡಳು. ಅಗುಳಿ ಹಾಕಿದ ಬಾಗಿಲಿಗೆ ಹೊರಗಿನ ಕೀ ಇದ್ದರೂ ಪ್ರಯೋಜನವಿಲ್ಲ. ಅಪಾಯ ಇರುವುದು ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ಆದ್ದರಿಂದ ಕೀ ಸಿಗುವ ತನಕ ಮನೆ ಖಾಲಿ ಬಿಡುವುದು ಬೇಡ ಅಂತ ತೀರ್ಮಾನವಾಯಿತು. ಹಬ್ಬದ ದಿನ ಬಂದು ಹೋಗುವವರು ಇದ್ದೇ ಇರುತ್ತಾರಾದ್ದರಿಂದ ಅದೇನೂ ಕಷ್ಟವಾಗಲಿಲ್ಲ.

ಆಟೋ ಆ್ಯಪ್‌ನಲ್ಲಿ ಬುಕ್ ಆಗಿತ್ತು. ಆ್ಯಪ್ ಮೂಲಕವೇ ಡ್ರೈವರ್‌ಗೆ ಫೋನ್ ಮಾಡಿಸಿದೆ. ಕೀ ಅಂತ ಹೇಳಬೇಡಿ, ಸಣ್ಣ ಸಾಮಾನೊಂದು ಬಿದ್ದಿರಬಹುದು ಅಂತಷ್ಟೇ ಹೇಳಿ ಅಂದೆ. ಪಾಪ, ಅವರು ಗಾಡಿ ನಿಲ್ಲಿಸಿ, ಟಾರ್ಚ್ ಹಾಕಿ ಸೀಟಿನ ಕೆಳಗೆ ಹುಡುಕಿದರು. 'ಏನೂ ಕಾಣ್ತಿಲ್ಲ ಅಮ್ಮ, ಬೆಳಗ್ಗೆ ಗಾಡಿ ತೊಳೆಯೋವಾಗ ಇನ್ನೊಂದು ಸಲ ನೋಡ್ತೀನಿ' ಅಂದರು.

ಬಜಾರಿಗೆ ನಾನೇ ಹೋದೆ. ಚಿಕ್ಕಮ್ಮನಿಗೆ ಹೂವು ಕೊಡುವ ಅಮ್ಮ ಒಬ್ಬರಿದ್ದಾರೆ, ಬಹಳ ವರ್ಷದ ಪರಿಚಯ. ಅವರಿಗೆ ಚಿಕ್ಕಮ್ಮನ ಮುಖ ಗೊತ್ತು, ಮನೆ ಗೊತ್ತಿಲ್ಲ. ಒಂದು ಚೀಟಿಯಲ್ಲಿ ನನ್ನ ಮೊಬೈಲ್ ನಂಬರ್ ಬರೆದು ಕೊಟ್ಟೆ. ಹೆಸರಿಲ್ಲ, ಏರಿಯಾ ಇಲ್ಲ. ಗೊಂಚಲು ಹೇಗಿದೆ ಅಂತಲೂ ಹೇಳಲಿಲ್ಲ. 'ಯಾರಾದ್ರೂ ಕೀ ತಂದ್ರೆ ಇದಕ್ಕೆ ಒಂದು ಫೋನ್ ಮಾಡ್ಸಮ್ಮ' ಅಂದೆ. ಚೀಟಿಯನ್ನು ದುಡ್ಡಿನ ಡಬ್ಬಿಯ ಮುಚ್ಚಳದ ಒಳಗೆ ಸಿಕ್ಕಿಸಿಕೊಂಡರು.

ಚಿಕ್ಕಮ್ಮನ ನಂಬರ್ ಕೊಡದೆ ನನ್ನದನ್ನು ಕೊಟ್ಟಿದ್ದಕ್ಕೆ ಕಾರಣವಿದೆ. ಫೋನ್ ನಂಬರ್ ಅಂದರೆ ಈಗ ಬರೀ ಹತ್ತು ಅಂಕಿಯಲ್ಲ. ಟ್ರೂಕಾಲರ್‌ನಲ್ಲಿ ಹಾಕಿದರೆ ಹೆಸರು ಬರುತ್ತದೆ. ಎಷ್ಟೋ ಸಲ ಬೇರೆಯವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರೇ ಬರುತ್ತದೆ. ಚಿಕ್ಕಮ್ಮನ ನಂಬರಿಗೆ ಅವರ ಹೆಸರಿನ ಮುಂದೆ 'ಜಯನಗರ' ಅಂತಲೂ ತೋರಿಸುತ್ತಿತ್ತು. ಯುಪಿಐನಲ್ಲಿ ನಂಬರ್ ಹಾಕಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಕಾಣುತ್ತದೆ. ವಾಟ್ಸಾಪ್ ಡಿಪಿಯಲ್ಲಿ ಮನೆ ಗೃಹಪ್ರವೇಶದ ಫೋಟೋ, ಹಿಂದೆ ಮನೆ ಹೆಸರಿನ ಬೋರ್ಡ್. ಒಂದೊಂದೂ ಸಣ್ಣ ವಿಷಯ. ಆದರೆ ಎಲ್ಲ ಸೇರಿಸಿದರೆ ಮನೆಗೆ ದಾರಿ ಆಗುತ್ತದೆ. ನಾನಿರುವುದು ರಾಜಾಜಿನಗರದಲ್ಲಿ. ನನ್ನ ನಂಬರ್ ಹಿಡಿದು ಎಷ್ಟು ಹುಡುಕಿದರೂ ನನ್ನ ಮನೆ ಸಿಗಬಹುದೇ ಹೊರತು ಆ ಕೀಯ ಮನೆ ಸಿಗುವುದಿಲ್ಲ.

ಸಿಕ್ಕಿತು ಅನ್ನುವ ಸುದ್ದಿ

ಶುಕ್ರವಾರ ಬೆಳಗ್ಗೆ, ಪೂಜೆಯ ಗಡಿಬಿಡಿಯ ಮಧ್ಯೆ, ಚಿಕ್ಕಮ್ಮನ ಫೋನಿಗೆ ಒಂದು ಫಾರ್ವರ್ಡ್ ಬಂತು. ಹಿತ್ತಾಳೆ ರಿಂಗ್, ಗಣಪ, ನಾಲ್ಕು ಕೀ, ಬಿಸಿಲಿನಲ್ಲಿ ಒಂದು ಟೇಬಲ್ ಮೇಲೆ ಬೀಸಣಿಗೆಯ ಹಾಗೆ ಬಿಡಿಸಿಟ್ಟು ತೆಗೆದ ಫೋಟೋ. ಕೆಳಗೆ 'ಗಾಂಧಿ ಬಜಾರಲ್ಲಿ ಸಿಕ್ಕಿದೆ, ಯಾರದಾದರೂ ಇದ್ದರೆ ಕಾಲ್ ಮಾಡಿ' ಅಂತ ಒಂದು ನಂಬರ್. ಹತ್ತಿರದ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗ ತನ್ನ ಏರಿಯಾದ ಗ್ರೂಪಿಗೆ ಹಾಕಿದ್ದ. ಅಲ್ಲಿಂದ ಅದು ಗ್ರೂಪಿನಿಂದ ಗ್ರೂಪಿಗೆ ದಾಟಿ ಜಯನಗರ ತಲುಪಿತ್ತು.

ನಾನು ಫೋನ್ ಮಾಡಿದಾಗ ಹುಡುಗ ಹೇಳಿದ ಮೊದಲ ಮಾತು ಇದು: 'ಆಗ್ಲೇ ಇಬ್ರು ಫೋನ್ ಮಾಡಿ ನಮ್ದೇ ಅಂದ್ರು ಅಕ್ಕಾ. ಯಾರಿಗೆ ಕೊಡ್ಲಿ ಅಂತಾನೇ ಗೊತ್ತಾಗ್ತಿಲ್ಲ.'

ಅವನ ಪರದಾಟ ನಿಜವಾದದ್ದೇ. ಫೋಟೋದಲ್ಲಿ ಎಲ್ಲವೂ ಕಾಣುತ್ತಿದ್ದ ಮೇಲೆ ಗುರುತು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. 'ಗಣಪನ ಬಿಲ್ಲೆ ಇದೆ' ಅಂತ ಯಾರು ಬೇಕಾದರೂ ಹೇಳಬಹುದು. ಫೋಟೋದಲ್ಲಿ ಇಲ್ಲದ್ದು ಏನಾದರೂ ಬೇಕಿತ್ತು. ಚಿಕ್ಕಮ್ಮನನ್ನು ಕೂರಿಸಿಕೊಂಡು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, 'ಗ್ರಿಲ್ ಕೀ ಹಿಂದೆ ನೈಲ್ ಪಾಲಿಶ್ ಚುಕ್ಕೆ ಇಟ್ಟಿದೀನಿ, ಕತ್ತಲಲ್ಲಿ ಗೊತ್ತಾಗ್ಲಿ ಅಂತ. ಮಗಳು ಬಿಟ್ಟು ಹೋಗಿದ್ದ ಬಾಟ್ಲು. ಗಿಣಿ ಹಸಿರು' ಅಂದರು.

ಹುಡುಗನಿಗೆ ಮತ್ತೆ ಫೋನ್ ಮಾಡಿದೆ. 'ಒಂದು ಕೀ ಹಿಂಭಾಗದಲ್ಲಿ ಬಣ್ಣದ ಚುಕ್ಕೆ ಇದೆ. ಯಾವ ಬಣ್ಣ ಅಂತ ನೀವು ಮೊದಲು ಹೇಳ್ತೀರಾ, ನಾನು ಹೇಳ್ಲಾ?' ಅಂತ ಕೇಳಿದೆ. ಅವನು ತಿರುಗಿಸಿ ನೋಡಿದ. 'ಅಕ್ಕಾ, ನೀವೇ ಹೇಳಿ' ಅಂದ. ಹೇಳಿದೆ. 'ಯಾವ ಕೀ?' ಅಂದ. ದಪ್ಪ ತಲೆಯ, ಉದ್ದ ಕಡ್ಡಿಯ ಕೀ ಅಂದೆ. ಆಮೇಲೆ ಅವನಿಗೆ ಸಮಾಧಾನ ಆಯಿತು. ನಾನೂ ಒಂದು ಕೇಳಿದೆ: ಗಣಪನ ಬಿಲ್ಲೆಯ ಹಿಂದೆ ಏನಿದೆ? 'ಓಂ ಅಂತ ಇದೆ, ಅರ್ಧ ಸವೆದಿದೆ' ಅಂದ. ಅದೂ ಫೋಟೋದಲ್ಲಿ ಇರಲಿಲ್ಲ. ಅಂದರೆ ಗೊಂಚಲು ನಿಜವಾಗಿ ಅವನ ಕೈಯಲ್ಲೇ ಇದೆ.

ಈ ಎರಡನೇ ಪ್ರಶ್ನೆ ಬಹಳ ಜನ ಬಿಟ್ಟುಬಿಡುತ್ತಾರೆ. ಫಾರ್ವರ್ಡ್ ಆದ ಫೋಟೋದಲ್ಲಿ ಕೆಳಗಿನ ನಂಬರ್ ಬದಲಾಯಿಸಿ ಮತ್ತೆ ಕಳಿಸುವುದು ಎಷ್ಟು ಹೊತ್ತಿನ ಕೆಲಸ? 'ಸಿಕ್ಕಿದೆ, ಕೊರಿಯರ್ ಚಾರ್ಜ್ ಹಾಕಿ' ಅಂತ ಮೊದಲು ದುಡ್ಡು ಕೇಳುವವರು, ಕ್ಯೂಆರ್ ಕೋಡ್ ಕಳಿಸುವವರು ಇದ್ದಾರೆ. ಹಾಗೆ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕಳೆದುಕೊಂಡವರು ತಮ್ಮ ಗುರುತು ಹೇಳುವುದು ಎಷ್ಟು ಮುಖ್ಯವೋ, ಸಿಕ್ಕಿದೆ ಅನ್ನುವವರೂ ಅಷ್ಟೇ ತೋರಿಸಬೇಕು. ಇಬ್ಬರಿಗೂ ಅದರಲ್ಲಿ ಅವಮಾನ ಏನಿಲ್ಲ.

'ಲೊಕೇಶನ್ ಕಳಿಸಿ ಅಕ್ಕಾ'

ಇನ್ನು ಕಷ್ಟದ ಭಾಗ. ಹುಡುಗ ಬಹಳ ಒಳ್ಳೆಯವನು. 'ಲೊಕೇಶನ್ ಕಳಿಸಿ ಅಕ್ಕಾ, ಕೆಲಸ ಮುಗಿಸ್ಕೊಂಡು ಹೋಗ್ತಾ ಮನೇಲೇ ಕೊಟ್ಟು ಹೋಗ್ತೀನಿ' ಅಂದ. ಅಷ್ಟು ಪ್ರೀತಿಯಿಂದ ಹೇಳುವವರಿಗೆ ಬೇಡ ಅನ್ನುವುದು ಹೇಗೆ? ನಮ್ಮಲ್ಲಿ ಬಹಳ ಜನ ಸೋಲುವುದು ಇಲ್ಲೇ. ಕಳ್ಳರಿಗೆ ಯಾರೂ ವಿಳಾಸ ಕೊಡುವುದಿಲ್ಲ. ಒಳ್ಳೆಯವರಿಗೆ ಬೇಡ ಅನ್ನಲಾಗದೆ ಕೊಡುತ್ತೇವೆ.

ನಾನು ಹೇಳಿದ್ದು ಇಷ್ಟೇ: 'ಅಯ್ಯೋ, ಹಬ್ಬದ ದಿನ ನೀವ್ಯಾಕೆ ಸುಮ್ನೆ ಅಲೆಯೋದು? ನಾನೇ ಮೆಟ್ರೋದಲ್ಲಿ ಬರ್ತೀನಿ. ನ್ಯಾಷನಲ್ ಕಾಲೇಜ್ ಸ್ಟೇಷನ್ ನಿಮ್ಗೆ ಹತ್ರ ಅಲ್ವಾ?' ಇದರಲ್ಲಿ ಸುಳ್ಳಿಲ್ಲ. ಅವನಿಗೆ ನಿಜಕ್ಕೂ ಅದೇ ಹತ್ತಿರ. ಅವನ ಮೇಲೆ ಅನುಮಾನ ಅನ್ನುವ ಮಾತೂ ಬರಲಿಲ್ಲ. ಅನುಮಾನ ಇರಲೂ ಇಲ್ಲ. ವಿಳಾಸ ಕೊಡದೆ ಇರುವುದು ಎದುರಿನವರ ಗುಣಕ್ಕೆ ಕೊಡುವ ಮಾರ್ಕ್ಸ್ ಅಲ್ಲ. ಅವನ ಫೋನಿನಲ್ಲಿ ಲೊಕೇಶನ್ ಉಳಿಯುತ್ತದೆ. ಆ ಫೋನ್ ನಾಳೆ ಇನ್ನೊಬ್ಬರ ಕೈಗೆ ಹೋಗಬಹುದು. ಅವನ ಗೆಳೆಯರು ಕೇಳಬಹುದು. ಅಷ್ಟು ದೂರದ ಜವಾಬ್ದಾರಿಯನ್ನು ಆ ಹುಡುಗನ ಮೇಲೆ ಯಾಕೆ ಹಾಕಬೇಕು?

ಹಾಗೂ ಒತ್ತಾಯ ಮಾಡಿದ್ದರೆ, 'ಮನೆ ಅಡ್ರೆಸ್ ಕೊಡಬಾರದು ಅಂತ ನಮ್ಮನೇಲಿ ಒಂದು ಪದ್ಧತಿ ಮಾಡ್ಕೊಂಡಿದೀವಿ' ಅಂತ ನೇರವಾಗಿಯೇ ಹೇಳುತ್ತಿದ್ದೆ. ಪದ್ಧತಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದು ಎಲ್ಲರಿಗೂ ಒಂದೇ ಅಂತ ಅರ್ಥವಾಗುತ್ತದೆ.

'ಹಾಗಾದ್ರೆ ಪಾರ್ಸೆಲ್ ಹುಡುಗನ ಕೈಲಿ ಕಳಿಸ್ಲಾ?' ಅಂತಲೂ ಕೇಳಿದ. ಬೆಂಗಳೂರಿನಲ್ಲಿ ಈಗ ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಒಂದು ನಿಮಿಷ ನಿಂತು ಯೋಚಿಸಿದರೆ ಅದರ ತೊಂದರೆ ಕಾಣುತ್ತದೆ. ಸಿಕ್ಕವರು ಬುಕ್ ಮಾಡಿದರೆ ಅವರಿಗೆ ನಮ್ಮ ವಿಳಾಸ ಬೇಕು. ನಾವೇ ಬುಕ್ ಮಾಡಿದರೆ ಅವರಿಗೆ ಗೊತ್ತಾಗುವುದಿಲ್ಲ, ನಿಜ. ಆದರೆ ಕೀಯೂ ವಿಳಾಸವೂ ಒಟ್ಟಿಗೇ ಒಬ್ಬ ಅಪರಿಚಿತರ ಬ್ಯಾಗಿನಲ್ಲಿ ಊರು ಸುತ್ತುತ್ತವೆ. ಪಾರ್ಸೆಲ್ಲೇ ಬೇಕು ಅಂದರೆ ಮನೆಗೆ ತರಿಸಬಾರದು. ನಾವು ಕೆಲಸ ಮಾಡುವ ಆಫೀಸಿನ ರಿಸೆಪ್ಷನ್‌ಗೋ, ಪರಿಚಯದ ಮೆಡಿಕಲ್ ಶಾಪಿಗೋ ತರಿಸಿಕೊಂಡು, ಅಲ್ಲಿಂದ ನಾವೇ ತಂದುಕೊಳ್ಳಬೇಕು.

ಸಂಜೆ ಸ್ಟೇಷನ್ ಬಾಗಿಲಿನ ಒಳಗೆ, ಟಿಕೆಟ್ ಕೌಂಟರ್ ಹತ್ತಿರ ಸಿಕ್ಕೆವು. ಮೆಟ್ರೋ ಸ್ಟೇಷನ್ನೇ ಆರಿಸಿಕೊಂಡಿದ್ದು ಯಾಕೆ ಅಂದರೆ ಅಲ್ಲಿ ಸೆಕ್ಯುರಿಟಿಯವರು, ಕ್ಯಾಮೆರಾ, ಜನ ಎಲ್ಲ ಇರುತ್ತಾರೆ. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಗೇಟ್ ದಾಟಿ ಒಳಗೆ ಹೋದವರು ಯಾವ ಕಡೆಯ ರೈಲು ಹತ್ತಿದರು, ಎಲ್ಲಿ ಇಳಿದರು ಅಂತ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ನಾನು ಹಸಿರು ಮಾರ್ಗದಲ್ಲಿ ಜಯನಗರದ ಕಡೆಗೆ ಹೋಗದೆ ರಾಜಾಜಿನಗರದ ಕಡೆಗೇ ಹೋದೆ. ಕೀ ಚಿಕ್ಕಮ್ಮನ ಮನೆ ಸೇರಿದ್ದು ಮರುದಿನ. ಹೀಗೆ ಮಾಡಲು ಮೆಟ್ರೋ ಹತ್ತಿರ ಇಲ್ಲದವರು ಪೊಲೀಸ್ ಠಾಣೆಯನ್ನೇ ಆರಿಸಿಕೊಳ್ಳಬಹುದು. ಸಿಕ್ಕವರು ಠಾಣೆಗೆ ಒಪ್ಪಿಸಿದರೆ, ಕಳೆದುಕೊಂಡವರು ಹೋಗಿ ಗುರುತು ಹೇಳಿ ತೆಗೆದುಕೊಳ್ಳಬಹುದು. ಇಬ್ಬರೂ ಮುಖ ನೋಡಿಕೊಳ್ಳುವ ಅಗತ್ಯವೇ ಇಲ್ಲ. ಠಾಣೆ ಅಂದರೆ ಹಿಂಜರಿಯುವವರು ಜಾಸ್ತಿ, ಅದಕ್ಕೇ ಈ ದಾರಿಯನ್ನು ಎರಡನೆಯದಾಗಿ ಇಟ್ಟುಕೊಂಡೆವು.

ದುಡ್ಡಿನ ವಿಷಯ

ಬಹುಮಾನ ಕೊಡುತ್ತೇವೆ ಅಂತ ನಾವು ಎಲ್ಲಿಯೂ ಹೇಳಿರಲಿಲ್ಲ. ಬೇಕೆಂದೇ ಹೇಳಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಈ ಬಗ್ಗೆ ಸ್ಪಷ್ಟವಾಗಿ ಇದೆ. 71ನೇ ಕಲಮಿನ ಪ್ರಕಾರ, ಬೇರೆಯವರ ವಸ್ತು ಸಿಕ್ಕು ಅದನ್ನು ಇಟ್ಟುಕೊಂಡವರು, ನಂಬಿ ಒಪ್ಪಿಸಿದ ವಸ್ತುವನ್ನು ಹೇಗೆ ನೋಡಿಕೊಳ್ಳಬೇಕೋ ಹಾಗೆಯೇ ಅದನ್ನು ಜೋಪಾನ ಮಾಡಬೇಕು. 168ನೇ ಕಲಮಿನ ಪ್ರಕಾರ, ಮಾಲೀಕರು ಇಂತಿಷ್ಟು ಬಹುಮಾನ ಅಂತ ಘೋಷಿಸಿದ್ದರೆ, ಸಿಕ್ಕವರು ಆ ದುಡ್ಡು ಬರುವ ತನಕ ವಸ್ತುವನ್ನು ಕೊಡದೆ ಇಟ್ಟುಕೊಳ್ಳಬಹುದು, ದಾವೆಯನ್ನೂ ಹಾಕಬಹುದು. ಅಂದರೆ ಗಾಬರಿಯಲ್ಲಿ 'ಐದು ಸಾವಿರ ಬಹುಮಾನ' ಅಂತ ಬರೆದರೆ ಅದು ಬರೀ ಮಾತಲ್ಲ. ಇನ್ನೊಂದು ಕಡೆ, ಮಾಲೀಕರು ಯಾರು ಅಂತ ಗೊತ್ತಿದ್ದೂ, ಅಥವಾ ತಿಳಿದುಕೊಳ್ಳುವ ದಾರಿ ಇದ್ದೂ, ಸಿಕ್ಕ ವಸ್ತುವನ್ನು ಸ್ವಂತಕ್ಕೆ ಬಳಸಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧ. ವಾಪಸ್ ಕೊಡಲು ಅಂತ ಎತ್ತಿಟ್ಟುಕೊಂಡವರಿಗೆ ಅದರಲ್ಲಿ ಭಯವಿಲ್ಲ.

ಹುಡುಗನಿಗೆ ಒಂದು ಕವರ್ ತೆಗೆದುಕೊಂಡು ಹೋಗಿದ್ದೆ, ನಗದು. ಯುಪಿಐ ಬೇಡ ಅಂದುಕೊಂಡಿದ್ದು ಹೆಸರು ಹೋಗುತ್ತದೆ ಅಂತಲೇ. ಅವನು ಕವರ್ ಮುಟ್ಟಲಿಲ್ಲ. ಚಿಕ್ಕಮ್ಮ ಕಳಿಸಿದ್ದ ಹೋಳಿಗೆ ಡಬ್ಬಿಯನ್ನು ಮಾತ್ರ ತೆಗೆದುಕೊಂಡ.

ಕೈ ಮೀರಿ ಹೋದದ್ದು

ಇಲ್ಲಿಗೆ ಮುಗಿದಿದ್ದರೆ ಬೀಗ ಬದಲಾಯಿಸುವ ಅಗತ್ಯ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಗೊಂಚಲು ಹುಡುಗನ ಹತ್ತಿರ ಒಂದು ದಿನ ಇತ್ತು, ನಿಜ. ಆ ಹೊತ್ತಿನಲ್ಲಿ ಡೂಪ್ಲಿಕೇಟ್ ಮಾಡಿಸಬಹುದಿತ್ತು, ಅದೂ ನಿಜ. ಆದರೆ ಯಾವ ಮನೆಗೆ ಅಂತ ಗೊತ್ತಿಲ್ಲದ ಡೂಪ್ಲಿಕೇಟ್ ಯಾರಿಗೆ ಬೇಕು?

ಶನಿವಾರ ನಾನು ಕೀ ಕೊಡಲು ಹೋದಾಗ ಚಿಕ್ಕಮ್ಮ ಖುಷಿಯಿಂದ ಒಂದು ಮೆಸೇಜ್ ತೋರಿಸಿದರು. ಅವರ ಬಡಾವಣೆಯ ಗ್ರೂಪಿನಲ್ಲಿ ಅದೇ ಫೋಟೋದ ಕೆಳಗೆ, ಹಿಂದಿನ ರಸ್ತೆಯ ಒಬ್ಬರು ಬರೆದಿದ್ದರು: 'ಈ ಗಣಪ ನಮ್ಮ ಆಂಟಿದೇ. ಪಾಪ ಒಬ್ಬರೇ ಇರೋದು. ಗೇಟ್ ಮುಂದೆ ಸಂಪಿಗೆ ಮರ ಇದೆಯಲ್ಲ, ಅದೇ ಮನೆ. ಯಾರಾದರೂ ತಲುಪಿಸಿ.' ಕೆಳಗೆ ಸಾಲಾಗಿ ಕೈ ಮುಗಿದ ಇಮೋಜಿ. ಕೆಲವು ನೂರು ಜನ ಇರುವ ಗ್ರೂಪ್ ಅದು. ಮೊದಲು ಬಾಡಿಗೆಗೆ ಇದ್ದು ಊರು ಬಿಟ್ಟವರು, ಸಾಮಾನು ಮಾರುವವರು, ಬ್ರೋಕರ್‌ಗಳು ಎಲ್ಲ ಅದರಲ್ಲಿದ್ದಾರೆ.

ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸಹಾಯ ಮಾಡಲೆಂದೇ ಬರೆದರು. ಆದರೆ ನಾವು ಹುಡುಗನಿಗೆ, ಹೂವಿನಮ್ಮನಿಗೆ, ಆಟೋದವರಿಗೆ ಯಾರಿಗೂ ಸಿಗದ ಹಾಗೆ ಬೇರೆ ಬೇರೆ ಇಟ್ಟಿದ್ದ ಎರಡು ವಿಷಯಗಳು ಆ ಒಂದು ಮೆಸೇಜಿನಲ್ಲಿ ಒಂದಾಗಿಬಿಟ್ಟವು. ಮೇಲೆ ಕೀ, ಕೆಳಗೆ ಮನೆ. ಒಬ್ಬರೇ ಇರುತ್ತಾರೆ ಅನ್ನುವ ಮಾತು ಬೇರೆ.

ಫೋಟೋ ತಾನೇ, ಕೀ ನಮ್ಮ ಹತ್ತಿರವೇ ಇದೆಯಲ್ಲ ಅಂತ ಚಿಕ್ಕಮ್ಮ ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಉತ್ತರ ಮಾತ್ರ ಸಮಾಧಾನ ಕೊಡುವಂಥದ್ದಲ್ಲ. ಕೀಯ ಗುಟ್ಟು ಲೋಹದಲ್ಲಿ ಇಲ್ಲ, ಅದರ ಹಲ್ಲುಗಳ ಎತ್ತರ ತಗ್ಗಿನಲ್ಲಿದೆ. ಆ ಎತ್ತರಗಳೂ ಬೇಕಾಬಿಟ್ಟಿ ಇರುವುದಿಲ್ಲ, ಕಂಪನಿ ನಿಗದಿ ಮಾಡಿದ ಕೆಲವೇ ಅಳತೆಗಳಲ್ಲಿ ಇರುತ್ತವೆ. ಸ್ಪಷ್ಟವಾದ ಫೋಟೋ ಇದ್ದರೆ ಅವನ್ನು ಓದಬಹುದು. 2008ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಾಡಿ ತೋರಿಸಿದರು. ಟೇಬಲ್ ಮೇಲಿಟ್ಟ ಕೀಗಳ ಫೋಟೋವನ್ನು ಸುಮಾರು 200 ಅಡಿ ದೂರದ ಕಟ್ಟಡದ ತಾರಸಿಯಿಂದ ತೆಗೆದು, ಕಂಪ್ಯೂಟರಿನಲ್ಲಿ ಅಳತೆ ಲೆಕ್ಕ ಹಾಕಿ, ಅದೇ ಬೀಗಕ್ಕೆ ಆಗುವ ಕೀ ಮಾಡಿದರು. 2014ರಲ್ಲಿ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸ್ ತೆಗೆಯುವ ಮಾಸ್ಟರ್ ಕೀಗಳ ಫೋಟೋ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಬಂತು. ಮರುವರ್ಷ ಆ ಕೀಗಳನ್ನು 3ಡಿ ಪ್ರಿಂಟರಿನಲ್ಲಿ ಮಾಡುವ ಮಾದರಿಗಳು ಅಂತರ್ಜಾಲದಲ್ಲಿ ಓಡಾಡಿದವು. ಹಾಗಿರುವಾಗ ಬಿಸಿಲಿನಲ್ಲಿ ಬಿಡಿಸಿಟ್ಟು, ಹತ್ತಿರದಿಂದ ತೆಗೆದ ನಮ್ಮ ಫೋಟೋ ಎಷ್ಟು ಸ್ಪಷ್ಟವಾಗಿತ್ತು ಅಂತ ಹೇಳಬೇಕಾಗಿಲ್ಲ. ನವ್‌ತಾಲ್ ಕೀ ಮೇಲೆ ಕೆತ್ತಿದ ನಂಬರ್ ಕೂಡ ಓದಲು ಬರುತ್ತಿತ್ತು.

ಗ್ರೂಪ್ ಅಡ್ಮಿನ್‌ಗೆ ಹೇಳಿ ಫೋಟೋವನ್ನೂ ಮೆಸೇಜನ್ನೂ ಅಳಿಸಿದೆವು. ವಾಟ್ಸಾಪಿನಲ್ಲಿ ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಬಹುದು. ಆದರೆ ಆಗಲೇ ಎಷ್ಟು ಜನರ ಗ್ಯಾಲರಿಗೆ ಫೋಟೋ ತಾನಾಗಿಯೇ ಡೌನ್‌ಲೋಡ್ ಆಗಿತ್ತೋ. ಅದನ್ನು ಯಾರೂ ವಾಪಸ್ ತರಲಾರರು. ಬೀಗ ಬದಲಾಯಿಸುವುದು ಅಂತ ಆಗಲೇ ತೀರ್ಮಾನ ಮಾಡಿದೆವು.

ಮುಂಬಾಗಿಲಿನ ಲಾಕ್ ಪೂರ್ತಿ ಕೀಳಬೇಕಾಗಲಿಲ್ಲ, ಕೀ ಹಾಕುವ ಒಳಗಿನ ಸಿಲಿಂಡರ್ ಒಂದನ್ನೇ ಬದಲಾಯಿಸಿದರೆ ಸಾಕಾಯಿತು. ಗ್ರಿಲ್‌ಗೆ ಹೊಸ ಬೀಗವನ್ನೇ ತಂದೆವು. ಬೀಗ ಹಾಕಲು ಬರುವವರಿಗೆ ಮನೆ ಗೊತ್ತಾಗಲೇಬೇಕು, ಅದನ್ನು ತಪ್ಪಿಸಲಾಗದು. ಹಾಗಾಗಿ ಅಲ್ಲಿ ಉಳಿದ ಅರ್ಧವನ್ನು ತಡೆಯಬೇಕು. ಪರಿಚಯದ ಹಾರ್ಡ್‌ವೇರ್ ಅಂಗಡಿಯಿಂದ ನಾವೇ ಪ್ಯಾಕೆಟ್ ತಂದು, ಕೆಲಸದವರ ಮುಂದೆಯೇ ಒಡೆದು, ಎಲ್ಲ ಕೀಗಳನ್ನೂ ಎಣಿಸಿ ಕೈಯಲ್ಲೇ ಇಟ್ಟುಕೊಂಡೆವು. ಲಾಕರ್ ವಿಷಯಕ್ಕೆ ಶುಕ್ರವಾರವೇ ಬ್ಯಾಂಕಿಗೆ ತಿಳಿಸಿದ್ದೆವು. ಕೀ ಸಿಕ್ಕ ಮೇಲೆ ಹಾಗೆಂದು ಒಂದು ಪತ್ರ ಬರೆದುಕೊಟ್ಟು ಅದನ್ನೇ ಮುಂದುವರಿಸಿದರು.

ಈಗಿನ ವ್ಯವಸ್ಥೆ

ಕೆನಡಾದಲ್ಲಿ ವಾರ್ ಆಂಪ್ಸ್ ಅನ್ನುವ ಸಂಸ್ಥೆಯಿದೆ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರದ್ದು. 1946ರಿಂದ ಅವರು ಜನರಿಗೆ ಕೀ ಟ್ಯಾಗ್ ಕಳಿಸುತ್ತಾ ಬಂದಿದ್ದಾರೆ. ಟ್ಯಾಗ್ ಮೇಲೆ ಹೆಸರಿಲ್ಲ, ವಿಳಾಸವಿಲ್ಲ, ಒಂದು ಗುಪ್ತ ಕೋಡ್ ನಂಬರ್ ಮಾತ್ರ. ಕೀ ಸಿಕ್ಕವರು ಯಾವುದಾದರೂ ಅಂಚೆ ಪೆಟ್ಟಿಗೆಗೆ ಹಾಕಿದರೆ ಸಾಕು, ಅದು ಸಂಸ್ಥೆಗೆ ಹೋಗುತ್ತದೆ. ಅವರು ಕೋಡ್ ನೋಡಿ ಮಾಲೀಕರಿಗೆ ಉಚಿತವಾಗಿ ಕಳಿಸುತ್ತಾರೆ. ಸಿಕ್ಕವರಿಗೆ ಮನೆ ಗೊತ್ತಾಗುವುದೇ ಇಲ್ಲ. ನಮ್ಮ ಲಾಕರ್ ಕೀಯದ್ದೂ ಇದೇ ತರ್ಕ. ನಡುವೆ ನಂಬಿಕೆಯ ಒಬ್ಬರು ಇರಬೇಕು, ವಿಳಾಸ ಅವರ ಹತ್ತಿರ ಮಾತ್ರ ಇರಬೇಕು.

ಚಿಕ್ಕಮ್ಮನಿಗೆ ಆ ನಡುವಿನವಳು ನಾನೇ. ಹೊಸ ಗೊಂಚಲಿಗೆ ಒಂದು ಸ್ಟೀಲ್ ಬಿಲ್ಲೆ ಮಾಡಿಸಿದೆ. ಅದರಲ್ಲಿ 'ಸಿಕ್ಕರೆ ದಯವಿಟ್ಟು ಫೋನ್ ಮಾಡಿ' ಅಂತ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಇದೆ, ಕೆಳಗೆ ನನ್ನ ನಂಬರ್ ಇದೆ. ನನ್ನ ಗೊಂಚಲಿನ ಮೇಲೆ ಊರ ಇನ್ನೊಂದು ಮೂಲೆಯಲ್ಲಿರುವ ತಮ್ಮನ ನಂಬರ್ ಇದೆ. ಬ್ಲೂಟೂತ್ ಟ್ಯಾಗ್ ಹಾಕುವವರೂ ಹೀಗೆಯೇ ಮಾಡಬಹುದು. ಆಪಲ್‌ನ ಏರ್‌ಟ್ಯಾಗ್‌ನಲ್ಲಿ ಕಳೆದಿದೆ ಅಂತ ಗುರುತು ಹಾಕಿದರೆ, ಸಿಕ್ಕವರು ತಮ್ಮ ಫೋನ್ ತಾಗಿಸಿದಾಗ ನಾವು ಬರೆದಿಟ್ಟ ಸಂದೇಶ ಮತ್ತು ನಂಬರ್ ಕಾಣುತ್ತದೆ, ಮನೆ ಕಾಣುವುದಿಲ್ಲ. ಅಲ್ಲಿಯೂ ಯಾವ ನಂಬರ್ ಕೊಡುತ್ತೇವೆ ಅನ್ನುವುದೇ ಮುಖ್ಯ.

ಬಡಾವಣೆಯ ಗ್ರೂಪಿನಲ್ಲಿ ಅಡ್ಮಿನ್ ಒಂದು ಮೆಸೇಜ್ ಪಿನ್ ಮಾಡಿದ್ದಾರೆ. ಕೀ ಸಿಕ್ಕರೆ ಹಲ್ಲುಗಳ ಮೇಲೆ ಕೈ ಮುಚ್ಚಿ ರಿಂಗ್ ಮಾತ್ರ ಕಾಣುವಂತೆ ಫೋಟೋ ಹಾಕಿ, ಯಾರದು ಅಂತ ಗೊತ್ತಿದ್ದರೆ ಗ್ರೂಪಿನಲ್ಲಿ ಬರೆಯದೆ ಅವರಿಗೇ ಫೋನ್ ಮಾಡಿ ಅಂತ. ಅದನ್ನು ಬರೆದುಕೊಟ್ಟಿದ್ದು ಸಂಪಿಗೆ ಮರದ ಗುರುತು ಹೇಳಿದ ಹಿಂದಿನ ರಸ್ತೆಯವರೇ. ನಾನು ವಿಷಯ ಬಿಡಿಸಿ ಹೇಳಿದಾಗ ಬಹಳ ನೊಂದುಕೊಂಡರು. ಆ ಮೇಲೆ ಚಿಕ್ಕಮ್ಮನ ಡೂಪ್ಲಿಕೇಟ್ ಸೆಟ್ ತಮ್ಮ ಮನೆಯಲ್ಲೂ ಒಂದಿರಲಿ ಅಂತ ಕೇಳಿದರು, ಚಿಕ್ಕಮ್ಮ ಕೊಟ್ಟಿದ್ದಾರೆ.

ಲಾಕರ್ ಕೀ ಈಗ ಗೊಂಚಲಲ್ಲಿಲ್ಲ, ಮನೆಯೊಳಗೆ ಬೇರೆ ಜಾಗದಲ್ಲಿದೆ. ಬೀರು ಕೀಯನ್ನೂ ತೆಗೆದಿಡಿ ಅಂತ ಹೇಳುತ್ತಲೇ ಇದ್ದೇನೆ. ಅದಕ್ಕೆ ಮಾತ್ರ ಅವರು ಇನ್ನೂ ಒಪ್ಪಿಲ್ಲ.